ಇನ್ನೂರು ಗ್ರಾಮಿನ ಜೀವಕ್ಕೊಂದು ತಕ್ಕಡಿ

ಇಲಿಯಂಥ ಪುಟ್ಟ ಪ್ರಾಣಿ ಡೇಗುವನ್ನು ಸಾಕಿದವರ ಮನೆಯಲ್ಲಿ ಎರಡಂತಸ್ತಿನ ಪಂಜರವಿರುತ್ತದೆ, ಓಡಲು ಚಕ್ರವಿರುತ್ತದೆ, ಹೊರಳಾಡಲು ಮರಳಿನ ಬಟ್ಟಲಿರುತ್ತದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯನ್ನು ಈ ಸಾಮಾನುಗಳ ಸಾಲಿಗೆ ಸೇರಿಸಿದವರು ಮಾತ್ರ ಕಡಿಮೆ. ಕಾಯಿಲೆಯ ಮೊದಲ ಸುಳಿವು ಸಿಗುವುದು ಹೆಚ್ಚಾಗಿ ಅಲ್ಲಿಯೇ. ಬೆಳೆದ ಡೇಗುವಿನ ಒಟ್ಟು ತೂಕವೇ 170ರಿಂದ 300 ಗ್ರಾಂ. 230 ಗ್ರಾಂ ತೂಗುವ ಪ್ರಾಣಿ 20 ಗ್ರಾಂ ಕಳೆದುಕೊಂಡರೆ ಅದು 70 ಕಿಲೋದ ಮನುಷ್ಯ ಆರು ಕಿಲೋ ಇಳಿದುದಕ್ಕೆ ಸಮ. ಮನುಷ್ಯನಾದರೆ ಮುಖ ನೋಡಿಯೇ ಹೇಳಬಹುದು. ಡೇಗುವಿನ ದಟ್ಟ ರೋಮದ ಕೆಳಗೆ ಅಷ್ಟು ಮಾಂಸ ಕರಗಿದ್ದು ಕಣ್ಣಿಗೆ ಕಾಣುವುದಿಲ್ಲ, ದಿನಾ ನೋಡುವವರಿಗಂತೂ ಇಲ್ಲವೇ ಇಲ್ಲ.

ಈ ಪ್ರಾಣಿಯ ತವರು ಮಧ್ಯ ಚಿಲಿ. ಆಂಡೀಸ್ ಪರ್ವತದ ಪಶ್ಚಿಮದ ಕುರುಚಲು ಕಾಡಿನಲ್ಲಿ ಗುಂಪುಗುಂಪಾಗಿ ಬಿಲ ತೋಡಿಕೊಂಡು, ಹಗಲು ಹೊತ್ತು ಹುಲ್ಲು, ಎಲೆ, ಬೀಜ ಮೆಲ್ಲುತ್ತ ಬದುಕುತ್ತದೆ. ಇಲಿಯಂತೆ ಕಂಡರೂ ಗಿನಿ ಪಿಗ್ ಮತ್ತು ಚಿಂಚಿಲ್ಲಾಗಳಿಗೆ ಹೆಚ್ಚು ಹತ್ತಿರದ ನೆಂಟ. 1782ರಲ್ಲಿ ಚಿಲಿಯ ಪಾದ್ರಿ, ನಿಸರ್ಗ ವಿಜ್ಞಾನಿ ಹುವಾನ್ ಇಗ್ನಾಸಿಯೋ ಮೊಲಿನಾ ಇದನ್ನು ವೈಜ್ಞಾನಿಕವಾಗಿ ವರ್ಣಿಸಿದ. ಪ್ರಯೋಗಾಲಯಗಳಿಗೆ ಬಂದದ್ದು, ಅಲ್ಲಿಂದ ಮನೆಗಳಿಗೆ ದಾಟಿದ್ದು ಇಪ್ಪತ್ತನೆಯ ಶತಮಾನದ ಮಾತು. ಈಗ ಜರ್ಮನಿ, ಬ್ರಿಟನ್, ಜೆಕ್ ದೇಶಗಳಲ್ಲಿ ಸಾಮಾನ್ಯ ಸಾಕುಪ್ರಾಣಿ. ಅಲ್ಲಿ ನೆಲೆಸಿದ ನಮ್ಮವರ ಮನೆಗಳಿಗೂ ಮಕ್ಕಳ ಹಟದ ಬೆನ್ನೇರಿ ಇವು ಬಂದಾವು. ನರಿ, ಗಿಡುಗ, ಗೂಬೆಗಳ ಬಾಯಿಗೆ ಸಿಗುವ ಪ್ರಾಣಿಯಾದ್ದರಿಂದ ನೋವನ್ನು ತೋರಗೊಡದಿರುವುದು ಇದರ ರಕ್ತದಲ್ಲೇ ಇದೆ. ಕಾಡಿನಲ್ಲಿ ಕುಂಟಿದ್ದು ಮೊದಲು ಬೇಟೆಯಾಗುತ್ತದೆ. ಪಂಜರದೊಳಗೆ ಬೇಟೆಯ ಭಯವಿಲ್ಲವೆಂದು ಅದಕ್ಕೆ ಯಾರೂ ತಿಳಿಸಿ ಹೇಳಿಲ್ಲ. ಹೀಗಾಗಿ ಡೇಗು ಮಂಕಾಗಿ ಮೂಲೆ ಹಿಡಿಯುವ ಹೊತ್ತಿಗೆ ಕಾಯಿಲೆ ಬಹಳ ದೂರ ಸಾಗಿರುತ್ತದೆ.

ತೂಗುವುದು ಕಷ್ಟದ ಕೆಲಸವೇನಲ್ಲ, ಆದರೆ ಕ್ರಮ ತಪ್ಪಬಾರದು. ಒಂದೊಂದು ಗ್ರಾಮಿನ ವ್ಯತ್ಯಾಸ ತೋರಿಸುವ ತಕ್ಕಡಿ ಬೇಕು. ಐದು ಗ್ರಾಮಿಗೊಮ್ಮೆ ಅಂಕಿ ಬದಲಿಸುವಂಥದ್ದು ಇಲ್ಲಿ ಉಪಯೋಗಕ್ಕೆ ಬಾರದು. ಮುಚ್ಚಳವಿರುವ, ಗಾಳಿಯಾಡುವ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಅದರ ಮೇಲಿಟ್ಟು ಅಂಕಿಯನ್ನು ಸೊನ್ನೆಗೆ ತಂದು, ಆಮೇಲೆ ಡೇಗುವನ್ನು ಒಳಗೆ ಬಿಡಬೇಕು. ಡಬ್ಬಿಯನ್ನು ಒಂದೆರಡು ದಿನ ಮೊದಲೇ ಪಂಜರದಲ್ಲಿಟ್ಟು, ಒಳಗೊಂದು ಓಟ್ಸ್ ಕಾಳು ಹಾಕಿದರೆ ಕುತೂಹಲದ ಈ ಪ್ರಾಣಿ ತಾನಾಗಿಯೇ ನುಗ್ಗುತ್ತದೆ. ಹಿಡಿಯಲೇಬೇಕಾದರೆ ಎರಡೂ ಅಂಗೈಗಳನ್ನು ಹೊಟ್ಟೆಯ ಕೆಳಗೆ ಕೊಟ್ಟು ಎತ್ತಿ. ಬಾಲವನ್ನು ಮಾತ್ರ ಮುಟ್ಟಬೇಡಿ. ಶತ್ರು ಬಾಲ ಕಚ್ಚಿದರೆ ಚರ್ಮವನ್ನು ಅದರ ಬಾಯಲ್ಲೇ ಕಳಚಿ ಬಿಟ್ಟು ಓಡುವ ಉಪಾಯ ಡೇಗುವಿನದು. ನಿಮ್ಮ ಬೆರಳಿಗೂ ಅದೇ ಉತ್ತರ ಸಿಗುತ್ತದೆ, ಹೋದ ಬಾಲ ಮತ್ತೆ ಬೆಳೆಯುವುದಿಲ್ಲ.

ವಾರಕ್ಕೊಮ್ಮೆ ಸಾಕು, ಆದರೆ ಪ್ರತಿ ಸಲ ಅದೇ ದಿನ, ಅದೇ ಹೊತ್ತು. ಬೆಳಗಿನ ಪೆಲೆಟ್ ಹಾಕುವ ಮೊದಲು ತೂಗುವುದು ಒಳ್ಳೆಯ ರೂಢಿ. ಹೊಟ್ಟೆ ತುಂಬಿದಾಗ ಒಂದು ತೂಕ, ಮೂತ್ರ ಮಾಡಿದ ಮೇಲೆ ಇನ್ನೊಂದು. ಒಂದೇ ದಿನದಲ್ಲಿ ಕೆಲವು ಗ್ರಾಂ ಏರುಪೇರಾಗುವುದು ಸಹಜ. ಕಾಯಿಲೆ ಬಿದ್ದಾಗ, ಔಷಧಿ ನಡೆಯುವಾಗ, ಹೊಸ ಜೊತೆಗಾರನನ್ನು ತಂದಾಗ ದಿನವೂ ತೂಗಬೇಕು. ಮರಿಗಳು ಹುಟ್ಟುವಾಗ ಸುಮಾರು 14 ಗ್ರಾಂ ಇರುತ್ತವೆ, ಮೈತುಂಬ ರೋಮದೊಂದಿಗೇ ಹುಟ್ಟುತ್ತವೆ. ಅವುಗಳ ತೂಕ ಏರುತ್ತಲೇ ಇರಬೇಕು. ಬೆಳೆಯುವ ಮರಿಯ ತೂಕ ವಾರವಿಡೀ ನಿಂತಲ್ಲೇ ನಿಂತಿದ್ದರೂ ಅದು ಇಳಿದಂತೆಯೇ ಲೆಕ್ಕ.

ಪುಸ್ತಕದಲ್ಲಿ ಅಂಕಿ ಬರೆದಾಯಿತು. ಅದನ್ನು ಓದುವಲ್ಲಿಯೇ ಹೆಚ್ಚಿನವರು ಎಡವುವುದು. ಮೊದಲನೆಯ ತಪ್ಪು, ಅಂತರ್ಜಾಲದಲ್ಲಿ ಸಿಕ್ಕ ಸರಾಸರಿಗೆ ತಮ್ಮ ಪ್ರಾಣಿಯನ್ನು ಹೋಲಿಸುವುದು. 190 ಗ್ರಾಮಿನ ಡೇಗು ಗಟ್ಟಿಮುಟ್ಟಾಗಿರಬಹುದು, 240 ಗ್ರಾಮಿನದು ಸೊರಗುತ್ತಿರಬಹುದು, ಅದು ಹೋದ ವರ್ಷ 275 ಇದ್ದಿದ್ದರೆ. ಎರಡನೆಯ ತಪ್ಪು ಇನ್ನೂ ಸೂಕ್ಷ್ಮ: ಈ ವಾರದ ಅಂಕಿಯನ್ನು ಹೋದ ವಾರದ್ದಕ್ಕೆ ಮಾತ್ರ ಹೋಲಿಸುವುದು. 240 ಗ್ರಾಮಿನ ಡೇಗು ವಾರಕ್ಕೆ ಮೂರೇ ಗ್ರಾಂ ಇಳಿಯುತ್ತ ಬಂದರೆ ಪ್ರತಿ ವಾರವೂ ‘ಏನಿಲ್ಲ ಬಿಡು, ಮೂರು ಗ್ರಾಂ’ ಅನ್ನಿಸುತ್ತದೆ. ಎಂಟು ವಾರ ಕಳೆಯುವಷ್ಟರಲ್ಲಿ 24 ಗ್ರಾಂ, ಅಂದರೆ ಮೈಯ ಹತ್ತರಲ್ಲೊಂದು ಪಾಲು ಹೋಗಿರುತ್ತದೆ. ಪುಸ್ತಕದ ಮೊದಲ ಪುಟದಲ್ಲಿ ಆ ಪ್ರಾಣಿ ಆರೋಗ್ಯವಾಗಿದ್ದಾಗಿನ ತೂಕವನ್ನು ದೊಡ್ಡದಾಗಿ ಬರೆದಿಡಿ. ಪ್ರತಿ ಸಲ ಹೋಲಿಕೆ ಆ ಅಂಕಿಯೊಡನೆ ನಡೆಯಲಿ.

ಅದಕ್ಕಿಂತ ಶೇ. 5ರಷ್ಟು ಕಡಿಮೆಯಾದರೆ ದಿನವೂ ತೂಗಲು ತೊಡಗಿ, ತಿನ್ನುವುದನ್ನು ಕೂತು ಗಮನಿಸಿ. ಶೇ. 10 ಇಳಿದರೆ ಪ್ರಾಣಿ ಎಷ್ಟೇ ಚುರುಕಾಗಿ ಕಂಡರೂ ವೈದ್ಯರಲ್ಲಿಗೆ ಹೋಗಬೇಕು. 230 ಗ್ರಾಮಿನ ಡೇಗುವಿಗೆ ಇವು ಸುಮಾರು 12 ಮತ್ತು 23 ಗ್ರಾಂ. ಎರಡು ಮೂರು ದಿನದಲ್ಲೇ ಇಷ್ಟು ಹೋದರೆ ಅದು ತುರ್ತು. ಏರಿಕೆಗೂ ಅರ್ಥವುಂಟು. ಬೆಳೆದ ಹೆಣ್ಣಿನ ತೂಕ ಸರಸರನೆ ಏರುತ್ತಿದ್ದು, ಅದು ಗಂಡಿನ ಜೊತೆ ಇದ್ದದ್ದೇ ಆದರೆ ಬಸಿರು ಇರಬಹುದು. ಗರ್ಭದ ಅವಧಿ ಸುಮಾರು 90 ದಿನ, ಇಲಿಜಾತಿಗೆ ಅದು ಬಹಳ ದೀರ್ಘ. ಮಿಕ್ಕಂತೆ ಏರುವ ತೂಕ ಹೆಚ್ಚಾಗಿ ಬೊಜ್ಜಿನದು. ‘ಗುಂಡುಗುಂಡಗೆ ಮುದ್ದಾಗಿದೆ’ ಎಂಬ ಹೊಗಳಿಕೆ ಡೇಗುವಿನ ಮಟ್ಟಿಗೆ ಒಳ್ಳೆಯ ಸುದ್ದಿಯಲ್ಲ.

ಅಂಕಿಯೊಂದನ್ನೇ ನಂಬಿ ಕೂರುವುದೂ ತಪ್ಪು. ಹೊಟ್ಟೆಯಲ್ಲಿ ಗಡ್ಡೆ ಬೆಳೆಯುತ್ತಿದ್ದರೆ ಅಥವಾ ನೀರು ತುಂಬುತ್ತಿದ್ದರೆ ಮಾಂಸ ಕರಗಿದ್ದನ್ನು ಅದು ಸರಿದೂಗಿಸಿ ತೂಕ ಹಾಗೇ ನಿಂತಂತೆ ತೋರಿಸುತ್ತದೆ. ಅದಕ್ಕೇ ತೂಗಿದ ಮೇಲೆ ಬೆನ್ನ ಮೇಲೊಮ್ಮೆ ಬೆರಳಾಡಿಸಬೇಕು. ಬೆನ್ನೆಲುಬು ಬೆರಳಿಗೆ ಸಿಗಬೇಕು, ಚುಚ್ಚಬಾರದು. ಎಲುಬೇ ಸಿಗದಿದ್ದರೆ ಕೊಬ್ಬು, ಮಣಿಮಣಿಯಾಗಿ ಎದ್ದು ಸಿಕ್ಕರೆ ಬಡಕಲು.

ತೂಕ ಇಳಿಯಲು ಕಾರಣಗಳ ಸಾಲಿನಲ್ಲಿ ಮೊದಲ ಜಾಗ ಹಲ್ಲಿನದು. ಜೆಕ್ ದೇಶದ ಬ್ರನೋ ನಗರದ ಪಶುವೈದ್ಯರು 300 ಸಾಕು ಡೇಗುಗಳ ರೋಗದಾಖಲೆಗಳನ್ನು ಒಟ್ಟಿಗೆ ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಹತ್ತರಲ್ಲಿ ಆರಕ್ಕೆ ದಂತರೋಗವಿತ್ತು. ಡೇಗುವಿನ ಇಪ್ಪತ್ತೂ ಹಲ್ಲು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತವೆ. ಒರಟು ಹುಲ್ಲನ್ನು ಗಂಟೆಗಟ್ಟಲೆ ಅರೆದಾಗ ಬೆಳೆದಷ್ಟೂ ಸವೆಯುತ್ತವೆ. ಹುಲ್ಲು ಕಡಿಮೆಯಾಗಿ ಪೆಲೆಟ್ಟು, ಕಾಳು ಹೆಚ್ಚಾದರೆ ಸವೆತ ಸಾಲದೆ ದವಡೆ ಹಲ್ಲು ಉದ್ದವಾಗುತ್ತದೆ. ಮೊನೆ ನಾಲಿಗೆಯನ್ನೋ ಕೆನ್ನೆಯನ್ನೋ ಗೀರುತ್ತದೆ, ಬೇರು ಕಣ್ಣು ಮೂಗಿನ ಕಡೆಗೆ ನುಗ್ಗುತ್ತದೆ. ಹಾಗಾಗಿ ಒಂದೇ ಕಣ್ಣಿನಲ್ಲಿ ಸದಾ ನೀರು ಸುರಿದರೆ, ಉಸಿರಾಡುವಾಗ ಗೊರಗೊರ ಸದ್ದು ಬಂದರೆ ನೆಗಡಿ ಎಂದು ಬಗೆಯುವ ಮೊದಲು ಹಲ್ಲನ್ನು ಅನುಮಾನಿಸಬೇಕು.

ದವಡೆ ಹಲ್ಲು ಮನೆಯಲ್ಲಿ ನೋಡಲು ಸಿಗುವುದಿಲ್ಲ. ಬಾಯಿ ಅಷ್ಟು ಕಿರಿದು. ವೈದ್ಯರಿಗೂ ಅರಿವಳಿಕೆ ಮತ್ತು ಎಕ್ಸ್-ರೇ ಬೇಕಾಗುತ್ತದೆ. ನಮಗೆ ಕಾಣುವುದು ಬಾಚಿಹಲ್ಲು ಮಾತ್ರ. ಬೆಳೆದ ಡೇಗುವಿನ ಬಾಚಿಹಲ್ಲು ಕಿತ್ತಳೆ ಬಣ್ಣದಲ್ಲಿರಬೇಕು. ಹೊಸಬರು ಇದನ್ನು ಕೊಳೆಯೆಂದು ಗಾಬರಿಯಾಗುವುದುಂಟು. ನಿಜಕ್ಕೂ ಗಾಬರಿಯಾಗಬೇಕಾದದ್ದು ಅದು ಬಿಳಿಚಿಕೊಂಡಾಗ. ಬಾಯಿಯ ಒಳಗಿನ ಸ್ಥಿತಿಯನ್ನು ತಿನ್ನುವ ರೀತಿಯಿಂದಲೇ ಊಹಿಸಬೇಕು. ಹಸಿದು ಓಡಿ ಬಂದು, ತುತ್ತು ಎತ್ತಿ, ಎರಡು ಸಲ ಅಗಿದು ಬಿಟ್ಟುಬಿಡುತ್ತದೆಯೆ? ಹುಲ್ಲು ಬಿಟ್ಟು ಮೆದುವಾದದ್ದನ್ನೇ ಆರಿಸುತ್ತದೆಯೆ? ಗದ್ದದ ಕೆಳಗೆ ಜೊಲ್ಲಿನಿಂದ ರೋಮ ಒದ್ದೆಯಾಗಿದೆಯೆ? ತಲೆ ಒಂದು ಕಡೆ ವಾಲಿಸಿ ಅಗಿಯುತ್ತದೆಯೆ? ಹಸಿವಿದೆ, ತಿನ್ನಲಾಗುತ್ತಿಲ್ಲ ಎಂಬುದು ಹಲ್ಲಿನ ನೋವಿನ ಗುರುತು. ‘ಬಟ್ಟಲ ಹತ್ತಿರ ಬಂದಿತ್ತಲ್ಲ, ತಿಂದಿರಬೇಕು’ ಎಂದುಕೊಳ್ಳುವವರು ಇಲ್ಲಿಯೇ ಮೋಸ ಹೋಗುತ್ತಾರೆ.

ಬಾಯಿಗೆ ಹೋದದ್ದರ ಲೆಕ್ಕ ಹಿಕ್ಕೆಯಲ್ಲಿ ಸಿಗುತ್ತದೆ. ಆರೋಗ್ಯವಂತ ಡೇಗುವಿನ ಹಿಕ್ಕೆ ಗಟ್ಟಿ, ಒಣ, ಉದ್ದುರುಟಿನ ಕಂದು ಕಾಳು. ಒಂದೇ ಗಾತ್ರ, ಲೆಕ್ಕವಿಲ್ಲದಷ್ಟು. ಅದು ಸಣ್ಣದಾಗುತ್ತ, ಕಡಿಮೆಯಾಗುತ್ತ ಬಂದರೆ ಹೊಟ್ಟೆಗೆ ಮೇವು ಬೀಳುತ್ತಿಲ್ಲ. ಮೆತ್ತಗಾಗಿ ಬಾಲದ ಬುಡಕ್ಕೆ ಅಂಟಿದರೆ ಹೊಟ್ಟೆ ಕೆಟ್ಟಿದೆ. ತನ್ನ ಹಿಕ್ಕೆಯನ್ನು ತಾನೇ ತಿನ್ನುವುದು ಕಂಡರೆ ಅಸಹ್ಯಪಡಬೇಕಿಲ್ಲ. ಹೆಚ್ಚಾಗಿ ರಾತ್ರಿಯಲ್ಲಿ ನಡೆಯುವ ಈ ಕೆಲಸ ಜೀರ್ಣಕ್ರಿಯೆಯ ಎರಡನೆಯ ಸುತ್ತು; ಕಾಡಿನಲ್ಲೂ ಮಾಡುತ್ತವೆ.

ಹಲ್ಲಿನ ನಂತರ ಸಕ್ಕರೆ ಕಾಯಿಲೆ. ಡೇಗುವಿನ ಇನ್ಸುಲಿನ್ ರಚನೆಯಲ್ಲೇ ಹೆಚ್ಚಿನ ಸಸ್ತನಿಗಳದಕ್ಕಿಂತ ಬೇರೆ, ಅದರ ಬಲವೂ ತೀರ ಕಡಿಮೆ. ಒಣಗಿದ ಚಿಲಿಯ ಹುಲ್ಲಿನಲ್ಲಿ ಸಕ್ಕರೆ ಎಲ್ಲಿಂದ ಬರಬೇಕು? ಅಲ್ಲಿ ಆ ಇನ್ಸುಲಿನ್ನೇ ಸಾಕು. ಮನೆಯ ದ್ರಾಕ್ಷಿ, ಬಾಳೆಹಣ್ಣು, ಒಣದ್ರಾಕ್ಷಿ, ಬೆಲ್ಲದ ಚೂರಿನ ಎದುರು ಅದು ನಿಲ್ಲಲಾರದು. ಬಂದ ಅತಿಥಿಗೆ ಸಿಹಿ ಕೊಡದೆ ಕಳಿಸದ ನಮ್ಮ ಜನಕ್ಕೆ ಇದು ಒಪ್ಪಿಕೊಳ್ಳಲು ಕಷ್ಟದ ನಿಯಮ, ಆದರೆ ರಿಯಾಯಿತಿಯಿಲ್ಲದ ನಿಯಮ. ಅಂಗಡಿಯಲ್ಲಿ ಸಿಗುವ ಜೇನು ಸವರಿದ ಕಡ್ಡಿ, ಕಾಕಂಬಿ ಬೆರೆಸಿದ ಪೆಲೆಟ್ಟುಗಳ ಮೇಲೆ ಈ ಪ್ರಾಣಿಯ ಚಿತ್ರ ಮುದ್ರಿಸಿದ್ದರೂ ಕೊಳ್ಳಬೇಡಿ.

ಸಕ್ಕರೆ ಕಾಯಿಲೆಯ ಸುಳಿವು ನೀರಿನ ಬಾಟಲಿಯಲ್ಲಿದೆ. ಡೇಗು ಒಣನಾಡಿನ ಪ್ರಾಣಿ, ಹೆಚ್ಚು ಕುಡಿಯುವುದಿಲ್ಲ. ಬಾಟಲಿಗೆ ಪೆನ್ನಿನಿಂದ ಗೆರೆ ಎಳೆದು ದಿನಕ್ಕೆಷ್ಟು ಇಳಿಯಿತೆಂದು ಒಂದು ವಾರ ಬರೆದಿಟ್ಟರೆ ನಿಮ್ಮ ಮನೆಯ ವಾಡಿಕೆ ತಿಳಿಯುತ್ತದೆ. ಅದು ದುಪ್ಪಟ್ಟಾಗಿ, ಪಂಜರ ಬೇಗ ಬೇಗ ಒದ್ದೆಯಾಗಿ, ಚೆನ್ನಾಗಿ ತಿಂದರೂ ತೂಕ ಇಳಿಯುತ್ತಿದ್ದರೆ ಅನುಮಾನಕ್ಕೆ ಎಡೆಯೇ ಕಡಿಮೆ. ಮನುಷ್ಯರಿಗಾಗಿ ಔಷಧದಂಗಡಿಯಲ್ಲಿ ಮಾರುವ ಮೂತ್ರದ ಗ್ಲೂಕೋಸ್ ಪಟ್ಟಿ ಇಲ್ಲಿಯೂ ನಡೆಯುತ್ತದೆ. ತೊಳೆದು ಒರೆಸಿದ ಖಾಲಿ ಡಬ್ಬಿಯಲ್ಲಿ ಬಿಟ್ಟರೆ ಗುರುತು ಹಾಕುವ ಚಟದ ಡೇಗು ಹನಿ ಮೂತ್ರಕ್ಕೆ ಹೆಚ್ಚು ಕಾಯಿಸುವುದಿಲ್ಲ. ಹೆದರಿಕೆಯಿಂದಲೂ ಸಕ್ಕರೆ ಏರಬಹುದಾದ್ದರಿಂದ ಒಂದೇ ಪರೀಕ್ಷೆ ನಂಬದೆ ಬೇರೆ ಬೇರೆ ದಿನ ಮಾಡಿ, ಫಲಿತಾಂಶವನ್ನು ವೈದ್ಯರಿಗೆ ತೋರಿಸಿ. ತಡವಾದರೆ ಕಣ್ಣಿಗೆ ಪೊರೆ ಬರುತ್ತದೆ. ಡೇಗುವಿನ ಕಣ್ಣಿನ ಮಸೂರದಲ್ಲಿ ಸಕ್ಕರೆಯನ್ನು ಸಾರ್ಬಿಟಾಲ್ ಆಗಿ ಬದಲಿಸುವ ಕಿಣ್ವ ಬಹಳ ಚುರುಕು. ಈ ಸಾರ್ಬಿಟಾಲ್ ನೀರನ್ನು ಎಳೆದುಕೊಂಡು ಮಸೂರ ಕೆಲವೇ ವಾರಗಳಲ್ಲಿ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಮುಪ್ಪಿನಿಂದಲೂ, ಹುಟ್ಟಿನಿಂದಲೂ ಪೊರೆ ಇರಬಹುದು. ಅದನ್ನು ಬೇರ್ಪಡಿಸುವುದು ವೈದ್ಯರ ಕೆಲಸ. ಕಣ್ಣು ಹೋದ ಡೇಗು ಪಂಜರದ ಸಾಮಾನುಗಳ ಜಾಗ ಬದಲಿಸದಿದ್ದರೆ ಸುಖವಾಗಿಯೇ ಬದುಕುತ್ತದೆ.

ನಡತೆಯನ್ನು ಓದಲು ತಕ್ಕಡಿಯಂಥ ಯಂತ್ರವಿಲ್ಲ. ಪ್ರತಿ ಡೇಗುವಿನ ಮಾಮೂಲಿ ದಿನಚರಿ ಗೊತ್ತಿದ್ದರೆ ಮಾತ್ರ ಬದಲಾವಣೆ ಗೊತ್ತಾಗುತ್ತದೆ. ಯಾವುದು ಮೊದಲು ಬಾಗಿಲಿಗೆ ಓಡಿ ಬರುತ್ತದೆ, ಯಾವುದು ಚಕ್ರ ಬಿಡುವುದೇ ಇಲ್ಲ, ಯಾವುದು ದೂರ ನಿಂತು ನೋಡುತ್ತದೆ ಎಂಬುದು ಒಂದೆರಡು ವಾರದಲ್ಲಿ ತಿಳಿಯುತ್ತದೆ. ಸದಾ ಮೊದಲು ಬರುತ್ತಿದ್ದದ್ದು ಕೊನೆಗೆ ಬಂದರೆ ಅಂದೇ ತೂಗಿ. ರೋಮ ನಿಗುರಿಸಿಕೊಂಡು, ಬೆನ್ನು ಗೂನು ಮಾಡಿ, ಕಣ್ಣು ಅರೆಮುಚ್ಚಿ ಕೂತಿದ್ದರೆ ಅದು ನಿದ್ದೆಯಲ್ಲ, ನೋವು. ಮರಳಿನಲ್ಲಿ ಹೊರಳುವುದು ಡೇಗುವಿಗೆ ಸ್ನಾನವೂ ಹೌದು, ಗುಂಪಿಗೆ ತನ್ನ ವಾಸನೆ ಹಂಚುವ ಬಗೆಯೂ ಹೌದು. ಅದನ್ನು ಬಿಟ್ಟರೆ ಕಾರಣ ಹುಡುಕಬೇಕು.

ಎಲ್ಲ ಬದಲಾವಣೆಯೂ ಕಾಯಿಲೆಯಲ್ಲ ಎಂಬುದನ್ನೂ ಹೇಳಬೇಕು. ಡೇಗು ಹಗಲಿನ ಪ್ರಾಣಿಯೆಂದು ಪುಸ್ತಕಗಳು ಹೇಳುತ್ತವೆ, ಆದರೆ ಓಡುವ ಚಕ್ರ ಸಿಕ್ಕಿದ ಕೆಲವು ಡೇಗುಗಳು ರಾತ್ರಿಪಾಳಿಗೆ ಬದಲಾಗುವುದನ್ನು ಪ್ರಯೋಗಾಲಯಗಳಲ್ಲಿ ಕಂಡಿದ್ದಾರೆ. ಹಗಲು ಮಲಗಿ ರಾತ್ರಿ ಗಡಗಡ ಓಡಿದರೆ ಅದಕ್ಕೆ ಚಕ್ರವೇ ಕಾರಣವಿರಬಹುದು. ಬೇಸಿಗೆಯ ನಡುಹಗಲಿನಲ್ಲಿ ಕಾಡಿನ ಡೇಗುವೂ ಬಿಲ ಸೇರುತ್ತದೆ. ಆದರೆ ಮೈ ಚೆಲ್ಲಿ ಮಲಗಿ ಏದುಸಿರು ಬಿಟ್ಟರೆ ಸೆಕೆ ಹೊಡೆತವೆಂದು ತಿಳಿದು ಕೂಡಲೇ ತಂಪಾದ ಕೋಣೆಗೆ ಒಯ್ಯಬೇಕು.

ಗುಂಪಿನ ಆಟವನ್ನು ನೋಡುವುದು ಒಂಟಿಯನ್ನು ನೋಡುವುದಕ್ಕಿಂತ ಹೆಚ್ಚು ತಿಳಿಸುತ್ತದೆ. ಡೇಗುಗಳು ಒಂದರ ಮೇಲೊಂದು ಬಿದ್ದು ರಾಶಿಯಾಗಿ ಮಲಗುತ್ತವೆ, ಒಂದರ ರೋಮವನ್ನೊಂದು ಹಲ್ಲಿನಿಂದ ಬಾಚುತ್ತವೆ, ಚಿಲಿಪಿಲಿ ಎನ್ನುತ್ತ ಮಾತಾಡುತ್ತಲೇ ಇರುತ್ತವೆ. ಸಂಶೋಧಕರು ಹದಿನೈದರಷ್ಟು ಬೇರೆ ಬೇರೆ ಕೂಗುಗಳನ್ನು ಗುರುತಿಸಿದ್ದಾರೆ. ಒಂದು ಡೇಗು ರಾಶಿಯಿಂದ ಹೊರಗೆ ಮಲಗತೊಡಗಿದರೆ, ಹರಟೆಯ ಪ್ರಾಣಿ ಮೌನವಾದರೆ ಅದು ಮುಖ್ಯ. ನಿಂತು ಕುಸ್ತಿಯಾಡುವುದು, ಹಿಂಗಾಲಿನಿಂದ ಒದೆಯುವುದು ದಿನದ ಮಾತು. ಬಾಲ ಬಡಿಯುತ್ತ ಅಟ್ಟಿಸಿಕೊಂಡು ಹೋಗಿ ರಕ್ತ ಬರುವಂತೆ ಕಚ್ಚಿದರೆ ಬೇರ್ಪಡಿಸಬೇಕು. ಗೆಳೆಯರಂತಿದ್ದವು ದಿಢೀರನೆ ಜಗಳಕ್ಕಿಳಿದರೆ ಎರಡರ ತೂಕವನ್ನೂ ನೋಡಿ, ಒಂದರ ಮೈಯಲ್ಲಿ ಏನೋ ಕೆಟ್ಟಿರಬಹುದು. ಸೋಲುವುದನ್ನು ಗೆದ್ದದ್ದು ಬಟ್ಟಲ ಹತ್ತಿರ ಬಿಡದೆಯೂ ತೂಕ ಇಳಿದೀತು. ಆಗ ಬೇಕಾದದ್ದು ಎರಡನೆಯ ಬಟ್ಟಲು, ಔಷಧಿಯಲ್ಲ. ಮುಂಗಾಲಿನ ಮೇಲೋ ಪಕ್ಕೆಯಲ್ಲೋ ರೋಮ ಕತ್ತರಿಸಿದಂತೆ ಕಂಡರೆ, ಸರಳು ಕಡಿಯುವುದು ನಿಲ್ಲದಿದ್ದರೆ ಬೇಸರ ಅಥವಾ ಒಂಟಿತನವನ್ನು ಅನುಮಾನಿಸಿ. ಒಂದೇ ಡೇಗು ಸಾಕುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ. ನಾವು ಎಷ್ಟು ಆಡಿಸಿದರೂ ಆ ರಾಶಿಯ ನಿದ್ದೆ ಕೊಡಲಾರೆವು.

ಒಂದು ಸಂಗತಿಯಲ್ಲಿ ಮಾತ್ರ ಕಾದು ನೋಡುವ ಮಾತೇ ಇಲ್ಲ: ತಿನ್ನುವುದನ್ನು ಪೂರ್ತಿ ನಿಲ್ಲಿಸುವುದು. ಡೇಗುವಿನ ಕರುಳು ನಿರಂತರವಾಗಿ ನಾರು ಬಿದ್ದರೆ ಮಾತ್ರ ಚಲಿಸುತ್ತದೆ. ಅರ್ಧ ದಿನ ಏನೂ ತಿನ್ನದೆ, ಹಿಕ್ಕೆಯೂ ನಿಂತರೆ ಕರುಳು ಸ್ತಬ್ಧವಾಗಿ ಅನಿಲ ತುಂಬಿ ಒಂದೆರಡು ದಿನದಲ್ಲೇ ಪ್ರಾಣಕ್ಕೆ ಕುತ್ತು. ನಾಳೆ ನೋಡೋಣ ಎನ್ನದೆ ಅಂದೇ ಹೊರಡಿ. ಸಸ್ಯಾಹಾರಿ ಪ್ರಾಣಿಗಳಿಗೆಂದೇ ಸಿಗುವ ನಾರಿನ ಪುಡಿಯನ್ನು ನೀರಿನಲ್ಲಿ ಕಲಸಿ ಸಿರಿಂಜಿನಿಂದ ಬಾಯಿಯ ಪಕ್ಕದಲ್ಲಿ ಚೂರುಚೂರೇ ಉಣಿಸುವುದನ್ನು ವೈದ್ಯರಿಂದ ಮೊದಲೇ ಕಲಿತಿದ್ದರೆ ಒಳ್ಳೆಯದು; ಹೊಟ್ಟೆ ಉಬ್ಬಿದ್ದರೆ ಮಾತ್ರ ಅವರನ್ನು ಕೇಳದೆ ಉಣಿಸಬೇಡಿ. ಮನುಷ್ಯರ ಮಾತ್ರೆ ಕೊಡಬೇಡಿ. ಪೆನಿಸಿಲಿನ್ ಗುಂಪಿನ ಮತ್ತು ಕ್ಲಿಂಡಮೈಸಿನ್‌ನಂಥ ಆಂಟಿಬಯಾಟಿಕ್‌ಗಳನ್ನು ಬಾಯಿಯ ಮೂಲಕ ಕೊಟ್ಟರೆ ಗಿನಿ ಪಿಗ್, ಚಿಂಚಿಲ್ಲಾಗಳ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಪ್ರಾಣವೇ ಹೋಗಬಹುದು. ಡೇಗುವಿನ ವಿಷಯದಲ್ಲೂ ಅದೇ ಎಚ್ಚರ ಬೇಕು. ಅರಿವಳಿಕೆಗೆ ಮುನ್ನ ನಾಯಿಗೆ ಮಾಡಿಸುವಂತೆ ರಾತ್ರಿಯಿಡೀ ಉಪವಾಸ ಹಾಕುವುದೂ ಸಲ್ಲದು. ಇವು ವಾಂತಿ ಮಾಡಲಾರವು, ಉಪವಾಸದಿಂದ ಕೆಡುಕೇ ಹೆಚ್ಚು.

ಕರ್ನಾಟಕದಲ್ಲಿ ಡೇಗು ಅಪರೂಪ, ಗಿನಿ ಪಿಗ್ ಅಲ್ಲ. ಬೆಂಗಳೂರು, ಮೈಸೂರಿನ ಮನೆಗಳಲ್ಲಿ ಅದನ್ನು ಸಾಕಿರುವವರು ಇದೇ ಕ್ರಮವನ್ನು ಹಾಗೇ ಎತ್ತಿಕೊಳ್ಳಬಹುದು. ಅದರ ಹಲ್ಲೂ ಬೆಳೆಯುತ್ತಲೇ ಇರುತ್ತದೆ, ಅದೂ ನೋವನ್ನು ಮುಚ್ಚಿಡುತ್ತದೆ. ತೂಕ ಮುಕ್ಕಾಲು ಕಿಲೋದಿಂದ ಒಂದೂಕಾಲು ಕಿಲೋ ಇರುವುದರಿಂದ ಗ್ರಾಮಿನ ಲೆಕ್ಕ ಬದಲಾದರೂ ಶೇಕಡಾ ಲೆಕ್ಕ ಅದೇ. ಒಂದು ವ್ಯತ್ಯಾಸ ನೆನಪಿಡಿ: ಗಿನಿ ಪಿಗ್‌ನ ದೇಹ ವಿಟಮಿನ್ ಸಿ ತಯಾರಿಸಿಕೊಳ್ಳಲಾರದು, ಆಹಾರದಲ್ಲೇ ಕೊಡಬೇಕು.

ನಾಯಿ, ಬೆಕ್ಕು, ದನ ನೋಡುವ ಎಲ್ಲ ವೈದ್ಯರಿಗೂ ಡೇಗುವಿನ ಬಾಯಿ ನೋಡಿದ ಅನುಭವ ಇರುವುದಿಲ್ಲ. ಸಣ್ಣ ದಂಶಕಗಳಿಗೆ ಚಿಕಿತ್ಸೆ ಮಾಡುವವರು ನಿಮ್ಮ ಊರಿನಲ್ಲಿ ಯಾರು, ರಾತ್ರಿ ಹೊತ್ತು ಸಿಗುವವರು ಯಾರು ಎಂದು ಪ್ರಾಣಿ ತರುವ ಮೊದಲೇ ವಿಚಾರಿಸಿಡಿ. ಹೋಗುವಾಗ ತೂಕದ ಪುಸ್ತಕ, ಆ ದಿನದ ಹಿಕ್ಕೆ, ಪೆಲೆಟ್ ಪೊಟ್ಟಣದ ಚೀಟಿ, ತಿನ್ನುವಾಗ ಮೊಬೈಲಿನಲ್ಲಿ ತೆಗೆದ ವಿಡಿಯೋ ಒಯ್ಯಿರಿ. ಅಪರಿಚಿತ ಮೇಜಿನ ಮೇಲೆ ಡೇಗು ನೋವಿಲ್ಲದಂತೆಯೇ ನಟಿಸುತ್ತದೆ. ಆಗುವುದಾದರೆ ಜೊತೆಗಾರನನ್ನೂ ಅದೇ ಬುಟ್ಟಿಯಲ್ಲಿ ಕರೆದೊಯ್ಯಿರಿ. ದಾರಿಯಲ್ಲಿ ಹೆದರಿಕೆ ಕಡಿಮೆಯಾಗುತ್ತದೆ. ಆಸ್ಪತ್ರೆಯ ವಾಸನೆ ಹೊತ್ತು ಒಂದೇ ಮರಳಿದರೆ ಮನೆಯಲ್ಲಿ ಉಳಿದದ್ದು ಅದನ್ನು ಹೊರಗಿನದೆಂದು ಬಗೆದು ಕಚ್ಚುವುದುಂಟು.